ಚಿಕ್ಕಪ್ಪನ ಪದಕ

6 ಡಿಸೆಂಬರ್ 2024, ಶುಕ್ರವಾರ
ಮೂಡಿಗೆರೆ

ನಾನು ಏಳುವಷ್ಟರಲ್ಲಿ ಚಿಕ್ಕಪ್ಪ ಜಗಲಿ ಮೇಲೆ ಕೂತು ಬೆಲ್ಟಿನ ಬಕಲ್ಲಿಗೆ ಬ್ರಾಸೊ ತಿಕ್ಕುತ್ತಿದ್ದರು. ಗೃಹರಕ್ಷಕ ದಳ ಸೇರಿ 22 ವರ್ಷ. ಇವತ್ತು ಚಿಕ್ಕಮಗಳೂರಲ್ಲಿ ಸೇವಾ ಪದಕ.

ಡಿಸೆಂಬರ್ 6 ದಳ ಹುಟ್ಟಿದ ದಿನ. 1946ರಲ್ಲಿ ಬೊಂಬಾಯಿಯ ಗಲಭೆ ಹೊತ್ತಲ್ಲಿ ಪೊಲೀಸರಿಗೆ ನೆರವಾಗಲೆಂದು ಊರಿನವರನ್ನೇ ಸೇರಿಸಿ ಕಟ್ಟಿದ್ದು. ನಮ್ಮ ರಾಜ್ಯದ ಕಾಯ್ದೆ 1962ರದ್ದು. ಖಾಕಿ ನೋಡಿ ಸರ್ಕಾರಿ ನೌಕರಿ ಅಂದುಕೊಳ್ಳುವವರೇ ಹೆಚ್ಚು. ಸಂಬಳ ಎಲ್ಲಿಯದು, ಡ್ಯೂಟಿ ಮಾಡಿದ ದಿನಕ್ಕಷ್ಟೇ ಭತ್ಯೆ. ಉಳಿದ ದಿನ ಚಿಕ್ಕಪ್ಪ ತೋಟಗಳ ಪಂಪ್‌ಸೆಟ್ ರಿಪೇರಿಗೆ ಹೋಗ್ತಾರೆ.

ಭಾಷಣಗಳ ಬಗ್ಗೆ ಬರೆಯಲು ಏನಿಲ್ಲ. ಹೆಸರು ಕೂಗಿದಾಗ ಚಿಕ್ಕಪ್ಪ ಹೋಗಿ ಸೆಲ್ಯೂಟ್ ಹೊಡೆದರು. ಗಂಜಿ ಹಾಕಿದ ಅಂಗಿ ರಟ್ಟಿನಂತಿತ್ತು, ಪಿನ್ನು ಒಳಗೆ ಹೋಗಲೊಲ್ಲದು. ಮೂರನೇ ಸಲ ಚುಚ್ಚುವಾಗ ಪಕ್ಕದಲ್ಲಿದ್ದ ಚಿಕ್ಕಮ್ಮ, "ಅಯ್ಯೋ, ಅಂಗಿಗೆ ತೂತು!" ಅಂದರು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ವಾಪಸ್ ಬರುವಾಗ ಬಸ್ಸಲ್ಲಿ ಕೇಳಿದೆ, "ಯಾವ ಕೆಲಸಕ್ಕೆ ಕೊಟ್ಟಿದ್ದು ಅಂತ ಬರ್ದಿದಾರಾ?"

"ಎಷ್ಟು ವರ್ಷ ಅಂತ ಬರ್ದಿದಾರೆ ಮಾರಾಯ್ತಿ, ಸಾಕಲ್ಲ."

ನನಗೆ ನೆನಪಾದದ್ದು 2019ರ ಆಗಸ್ಟ್. ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಇವರು ಕೊಟ್ಟಿಗೆಹಾರದಲ್ಲಿ ನಿಂತು ಗಾಡಿ ತಿರುಗಿಸುತ್ತಿದ್ದರು. ಮನೆಗೆ ಬಂದು ಬೂಟು ಬಿಚ್ಚಿದಾಗ ಪಾದ ನೆನೆಸಿದ ಅಕ್ಕಿಯ ಹಾಗೆ ಬೆಳ್ಳಗೆ ಉಬ್ಬಿತ್ತು. ಅದನ್ನು ಹೇಳಿದರೆ ಅವರಿಗೆ ಪಾದದ ನೆನಪೇ ಇಲ್ಲ. "ಧರ್ಮಸ್ಥಳಕ್ಕೆ ಹೋಗೋರನ್ನ ತಡೀತೀಯಾ ಅಂತ ಒಬ್ಬ ಬಾಯಿಗೆ ಬಂದಂಗೆ ಬೈದ. ಆಮೇಲೆ ಅವನ ಮಗುಗೇ ಯಾರದೋ ಮನೇಲಿ ಹಾಲು ಕಾಯಿಸ್ಕೊಂಡು ಬಂದೆ" ಅಂತ ನಕ್ಕರು.

ಅವತ್ತು ಜೊತೆಗೆ ನಿಂತಿದ್ದವರೊಬ್ಬರು ಈಗ ದಳದಲ್ಲಿಲ್ಲ. ಮಕ್ಕಳ ಫೀಸು ಕಟ್ಟಬೇಕಿತ್ತು, ದಿನಾ ಕೂಲಿ ಸಿಗುವ ಕಡೆ ಹೋದರು. ಪದಕದ ಲೆಕ್ಕಕ್ಕೆ ಅವರು ಸಿಗುವುದಿಲ್ಲ. ಇದು ಸರಿಯಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಚಿಕ್ಕಪ್ಪನೂ ಬಸ್ಸಿಳಿದವರೇ ಮೊದಲು ಅವರ ಮನೆಗೆ ಹೋಗಿ ತೋರಿಸಿ ಬಂದರು.

ಪದಕ ಈಗ ಬೀರುವಿನಲ್ಲಿ, ರೇಷನ್ ಕಾರ್ಡಿನ ಮೇಲಿದೆ. ಮುಂದಿನ ವಾರ ದತ್ತಜಯಂತಿ ಬಂದೋಬಸ್ತಿಗೆ ಇದೇ ಅಂಗಿ ಬೇಕು. ಖಾಕಿ ನೂಲು ಸಿಗದೆ ಚಿಕ್ಕಮ್ಮ ಕಂದು ನೂಲಲ್ಲೇ ತೂತು ಹೊಲಿಯುತ್ತಿದ್ದಾರೆ.