ಆಯುಧಪೂಜೆ ಮುಗಿದ ಮೇಲೆ ಗುಲಾಬಿಗೆ ಕತ್ತರಿ

ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಈಳಿಗೆಮಣೆ ಜೊತೆ ಗಿಡ ಸವರುವ ಕತ್ತರಿಗೂ ಕುಂಕುಮ ಇಡುತ್ತೇನೆ. ಆಮೇಲೆ ಮಳೆ ನಾಲ್ಕು ದಿನ ಬಿಡುವು ಕೊಡುವುದನ್ನೇ ಕಾಯುವುದು. ಬಿಟ್ಟ ಕೂಡಲೇ ತಾರಸಿ ಹತ್ತಿ ಗುಲಾಬಿ ಕುಂಡಗಳ ಮುಂದೆ ಕೂರುತ್ತೇನೆ. ಬೆಂಗಳೂರಿನಲ್ಲಿ ವರ್ಷದ ದೊಡ್ಡ ಸವರಿಕೆಗೆ ಇದೇ ಸರಿಯಾದ ಹೊತ್ತು.

ಇದು ತಿಳಿಯುವಷ್ಟರಲ್ಲಿ ನನ್ನ ಒಂದು ವರ್ಷದ ಹೂವು ಹೋಯಿತು. ಅಕ್ಕ ಸಿಯಾಟಲ್‌ನಲ್ಲಿದ್ದಾಳೆ. ಅಲ್ಲಿ ಚಳಿಗೆ ಗುಲಾಬಿ ಮಲಗಿಬಿಡುತ್ತದೆ, ಫೆಬ್ರವರಿ ಕೊನೆಗೆ ಕಣ್ಣು (ಚಿಗುರು ಒಡೆಯುವ ಮೊಗ್ಗು) ಉಬ್ಬುವಾಗ ಎಲ್ಲರೂ ಕತ್ತರಿ ಹಿಡಿಯುತ್ತಾರೆ. "ನೀನಿನ್ನೂ ಸವರಿಲ್ವೇನೇ?" ಅಂತ ವೀಡಿಯೊ ಕಾಲ್‌ನಲ್ಲಿ ಕೇಳಿದಳು. ನಾನೂ ಅದೇ ವಾರ ಎಲ್ಲ ಗಿಡಗಳನ್ನು ಒಂದು ಅಡಿಗೆ ಇಳಿಸಿಬಿಟ್ಟೆ. ಮಾರ್ಚ್ ಬಿಸಿಲು ಬಂದಾಗ ಕಾಂಡಕ್ಕೆ ನೆರಳು ಕೊಡಲು ಒಂದು ಎಲೆಯೂ ಇರಲಿಲ್ಲ. ತೊಗಟೆ ಸುಟ್ಟಿತು, ಬಂದ ಹೂವು ನಿಂಬೆಹಣ್ಣಿನಷ್ಟು, ಅದಕ್ಕೂ ಥ್ರಿಪ್ಸ್ ನುಸಿ ಕೂತು ಎಸಳಿನ ಅಂಚೆಲ್ಲ ಕಂದಾಗಿತ್ತು. ಎರಡು ಗಿಡ ಸತ್ತೇ ಹೋದವು, ತುಂಬಾ ಅತ್ತೆ. ಅಕ್ಕ ಹೇಳಿದ್ದು ಅವಳ ಊರಿಗೆ ಸರಿ. ನಮ್ಮ ಗಿಡ ಮಲಗುವುದೇ ಇಲ್ಲ ಅಲ್ವಾ? ಹಾಗಾಗಿ ಇಲ್ಲಿ ಚಳಿಯನ್ನು ನೋಡಿ ಸವರುವುದಲ್ಲ, ಮಳೆ ಮತ್ತು ಬಿಸಿಲನ್ನು ನೋಡಿ ಸವರಬೇಕು.

ಅಕ್ಟೋಬರ್‌ನಲ್ಲಿ ನಾನು ಮೊದಲು ತೆಗೆಯುವುದು ಒಣಗಿದ್ದು, ರೋಗ ಹಿಡಿದಿದ್ದು, ಗಿಡದ ಒಳಮುಖಕ್ಕೆ ಬೆಳೆದು ಒಂದಕ್ಕೊಂದು ಉಜ್ಜುವ ರೆಂಬೆಗಳು. ಉಳಿದದ್ದರಲ್ಲಿ ಗಟ್ಟಿಯಾದ ನಾಲ್ಕೈದು ಕಾಂಡ ಸಾಕು, ಅವನ್ನು ಒಂದೂವರೆ ಅಡಿಗೆ ಇಳಿಸುತ್ತೇನೆ. ಹೊರಮುಖದ ಕಣ್ಣು ಹುಡುಕಿ, ಅದರಿಂದ ಕಾಲು ಅಂಗುಲ ಮೇಲೆ, ನೀರು ಕಣ್ಣಿನ ಮೇಲೆ ಬೀಳದೆ ಅದರ ಎದುರು ಬದಿಗೆ ಜಾರುವಂತೆ ಓರೆಯಾಗಿ ಕತ್ತರಿಸಬೇಕು. ಕಡಿದ ಜಾಗದ ನಡುವೆ ಬಿಳಿ ಕಂಡರೆ ಸರಿ. ಕಂದು ಕಂಡರೆ ರೋಗ ಇನ್ನೂ ಕೆಳಗಿದೆ ಅಂತ ಅರ್ಥ, ಬಿಳಿ ಸಿಗುವವರೆಗೂ ಇಳಿಯಿರಿ, ಮನಸ್ಸು ಬಾರದಿದ್ದರೂ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇನೆ.

ಕಡಿದ ತುದಿಗೆ ಬೋರ್ಡೋ ಪೇಸ್ಟ್, ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣದ ಲೇಪ, ಹಚ್ಚಲೇಬೇಕು. ತುದಿಯಿಂದ ಕೆಳಕ್ಕೆ ಕಪ್ಪಾಗುತ್ತಾ ಒಣಗುವ ಆ ಶಿಲೀಂಧ್ರ ರೋಗ ಇದೆಯಲ್ಲ, ನಮ್ಮ ಕಡೆ ಗುಲಾಬಿಯನ್ನು ಕೊಲ್ಲುವುದೇ ಅದು, ಕಡಿದ ಗಾಯದಿಂದಲೇ ಒಳಗೆ ಹೋಗುತ್ತದೆ. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲಸಿ ಆಮೇಲೆ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಬಣ್ಣ ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಹಾಕಿ. ಅಂಗಡಿಯ ರೆಡಿ ಪೇಸ್ಟ್ ಕೂಡ ನಡೆಯುತ್ತದೆ. ಆಮೇಲೆ ಕುಂಡಕ್ಕೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ.

ಸವರಿದ ದಿನದಿಂದ ಸುಮಾರು 45 ರಿಂದ 50 ದಿನಕ್ಕೆ ಹೂವು. ಈ ಲೆಕ್ಕ ಗೊತ್ತಿದ್ದರೆ ಹಬ್ಬಕ್ಕೆ ಸರಿಯಾಗಿ ಹೂವು ತರಿಸಬಹುದು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನಡೆಯುವ ಜನವರಿ 26ರ ಸುಮಾರಿಗೆ ಮನೆಯಲ್ಲೂ ಹೂವು ಬೇಕು ಅಂತ ನಾನು ಎರಡು ಗಿಡಗಳನ್ನು ಅಕ್ಟೋಬರ್‌ನಲ್ಲಿ ಮುಟ್ಟದೆ ಡಿಸೆಂಬರ್ ಮೊದಲ ವಾರಕ್ಕೆ ಉಳಿಸಿಕೊಳ್ಳುತ್ತೇನೆ.

ಬೇಸಿಗೆಯಲ್ಲಿ ಬಾಡಿದ ಹೂವು ಮಾತ್ರ ತೆಗೆಯುವುದು, ಐದೆಲೆಯ ಗರಿ ಇರುವ ಜಾಗದವರೆಗೆ. ಒಂದೆರಡು ಮಳೆ ಬಿದ್ದ ಮೇಲೆ, ಜೂನ್ ಹೊತ್ತಿಗೆ, ಹಗುರವಾಗಿ ತುದಿ ಸವರುತ್ತೇನೆ, ಜಾಸ್ತಿ ಬೇಡ. ಕಪ್ಪು ಚುಕ್ಕೆಯ ಎಲೆ ಬಿದ್ದರೆ ಆರಿಸಿ ಹೊರಗೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಕಸಿ ಮಾಡಿದ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಮಾತ್ರ ಯಾವ ಕಾಲದಲ್ಲೂ ಬಿಡಬೇಡಿ. ಅದು ಬೇರುಸಸಿಯ, ಅಂದರೆ ಕಸಿಗೆ ಬುಡವಾಗಿ ಬಳಸಿದ ಗಿಡದ, ಕಾಡು ಗುಲಾಬಿ, ನೋಡಲು ಹುಲುಸಾಗಿ ಚೆನ್ನಾಗಿರುತ್ತದೆ, ಆದರೆ ಮೇಲಿನ ಗಿಡದ ಊಟ ಕಿತ್ತುಕೊಳ್ಳುತ್ತದೆ. ಕತ್ತರಿಸಿದರೆ ಮತ್ತೆ ಬರುತ್ತದೆ, ಮಣ್ಣು ಸರಿಸಿ ಬುಡದಿಂದಲೇ ಕಿತ್ತು ತೆಗೆಯಿರಿ.

ಈ ಸಲ ಸವರಿ ಹನ್ನೊಂದು ದಿನ ಆಯಿತು. ಗ್ಲಾಡಿಯೇಟರ್ ಅನ್ನುವ ತಳಿಯ ಗುಲಾಬಿ ಗಿಡದಲ್ಲಿ ಕೆಂಪು ಕಣ್ಣುಗಳು ಅಕ್ಕಿಕಾಳಿನಷ್ಟಾಗಿವೆ, ಬೆಳಿಗ್ಗೆ ಕಾಫಿ ಹಿಡಿದು ಅವನ್ನೇ ಎಣಿಸುತ್ತಾ ನಿಲ್ಲುತ್ತೇನೆ. ಇವತ್ತಿಗೆ ಹದಿನಾಲ್ಕು.