ಹುಳುಕಡ್ಡಿಗೆ ಟ್ಯೂಬ್ ಹಚ್ಚುವ ಮುಂಚೆ

ಮಳೆಗಾಲ ಶುರುವಾದರೆ ನಮ್ಮ ಲ್ಯಾಬಿಗೆ ಹುಳುಕಡ್ಡಿಯವರು ಜಾಸ್ತಿ. ಹೆಸರಲ್ಲಿ ಹುಳು ಇದ್ದರೂ ಇದು ಫಂಗಸ್ಸಿನಿಂದ (ಶಿಲೀಂಧ್ರದಿಂದ) ಬರುವ ಚರ್ಮದ ಕಾಯಿಲೆ. ತೊಡೆಸಂದು, ಸೊಂಟ, ಲಂಗದ ಲಾಡಿ ಕಟ್ಟುವ ಜಾಗ, ಬೆವರು ನಿಲ್ಲುವ ಕಡೆಯಲ್ಲೆಲ್ಲ ಕಲೆ. ಬಹಳ ಜನ ಅಷ್ಟರಲ್ಲಾಗಲೇ ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿ ಹಚ್ಚಿ ಸೋತಿರುತ್ತಾರೆ. ಡಾಕ್ಟರ್ ಚೀಟಿ ಬರೆದು ನಮ್ಮ ಹತ್ತಿರ ಕಳಿಸುತ್ತಾರೆ.

ಪರೀಕ್ಷೆ ಸಣ್ಣದು. ಕಲೆಯ ಅಂಚಿನಿಂದ ಹೊಟ್ಟು ಕೆರೆದು ತೆಗೆಯಬೇಕು, ನಡುವಿನಿಂದ ಅಲ್ಲ. ಫಂಗಸ್ ಹೊರಗೆ ಹೊರಗೆ ಹರಡುತ್ತಾ ಹೋಗುತ್ತದೆ, ಅದು ದಾಟಿದ ಜಾಗವನ್ನು ಮೈ ತಕ್ಕಮಟ್ಟಿಗೆ ವಾಸಿ ಮಾಡಿಕೊಳ್ಳುತ್ತದೆ. ಕಲೆ ಉಂಗುರದ ಹಾಗೆ ಕಾಣುವುದು ಅದಕ್ಕೇ. ಹೊಟ್ಟನ್ನು ಸ್ಲೈಡಿಗೆ ಉದುರಿಸಿ, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು, ಮೇಲೆ ಕವರ್ ಸ್ಲಿಪ್ ಇಟ್ಟು ಸ್ವಲ್ಪ ಹೊತ್ತು ಕಾಯಬೇಕು. ಚರ್ಮ ಮೆತ್ತಗಾಗಿ ತಿಳಿಯಾಗುತ್ತದೆ. ಫಂಗಸ್ಸಿನ ಗೋಡೆ ಗಟ್ಟಿ, ಅದು ಹಾಗೇ ಉಳಿಯುತ್ತದೆ. ಬೆಳಕು ತಗ್ಗಿಸಿ ನೋಡಿದರೆ ಉದ್ದನೆಯ ಎಳೆಗಳು, ನಡುನಡುವೆ ಅಡ್ಡಗೋಡೆ, ಅಲ್ಲಲ್ಲಿ ಕವಲು. ಹೊಸಬರು ಚರ್ಮದ ಕೋಶಗಳ ಗಡಿಯನ್ನೇ ಎಳೆ ಅಂದುಕೊಳ್ಳುತ್ತಾರೆ. ಗಡಿಯ ಗುಂಟ ಹೋದರೆ ಅದು ಫಂಗಸ್ ಅಲ್ಲ. ಗಡಿಗಳನ್ನು ಕತ್ತರಿಸಿಕೊಂಡು ನುಗ್ಗಿದ್ದರೆ ಫಂಗಸ್.

ಈ ಜಾತಿಯ ಫಂಗಸ್ಸಿಗೆ ಕೆರಾಟಿನ್ ಎಂಬ ಪ್ರೋಟೀನ್ ಊಟ. ಚರ್ಮದ ಸತ್ತ ಮೇಲ್ಪದರ, ಕೂದಲು, ಉಗುರು ಇಷ್ಟರಲ್ಲೇ ಅದರ ಬದುಕು. ಆದರೆ ಕೊಲ್ಲುವುದು ಸುಲಭ ಅಲ್ಲ. ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಫಂಗಸ್ಸಿನ ಕೋಶ ನಮ್ಮ ಕೋಶಕ್ಕೆ ಬಹಳ ಹತ್ತಿರ. ಅದಕ್ಕೆ ಹೊಡೆದ ಏಟು ನಮಗೂ ತಾಗಬಹುದು. ಸಿಕ್ಕಿರುವ ದೊಡ್ಡ ವ್ಯತ್ಯಾಸ ಅಂದರೆ ಅದರ ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಬದಲು ಎರ್ಗೊಸ್ಟೆರಾಲ್ ಎಂಬ ಬೇರೆ ಕೊಬ್ಬು ಇರುವುದು. ಟರ್ಬಿನಾಫಿನ್, ಇಟ್ರಾಕೊನಜೋಲ್ ಎಂಬ ಫಂಗಸ್ ಔಷಧಗಳೆರಡೂ ಆ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ, ಬೇರೆ ಬೇರೆ ಹಂತದಲ್ಲಿ.

ಇನ್ನು ಆ ಟ್ಯೂಬಿನ ವಿಷಯ. ನನಗೆ ಸಿಟ್ಟು ಬರುವುದು ಇಲ್ಲೇ. ಫಂಗಸ್ ಔಷಧ, ಬ್ಯಾಕ್ಟೀರಿಯಾ ಔಷಧ, ಜೊತೆಗೆ ಕ್ಲೊಬೆಟಸಾಲ್‌ನಂಥ ಜೋರಾದ ಸ್ಟೀರಾಯ್ಡ್, ಎಲ್ಲವೂ ಒಂದರಲ್ಲೇ. ಸ್ಟೀರಾಯ್ಡ್ ಫಂಗಸ್ಸನ್ನು ಕೊಲ್ಲುವುದಿಲ್ಲ, ಅದರ ವಿರುದ್ಧ ಮೈ ನಡೆಸುವ ಹೋರಾಟವನ್ನು ಸುಮ್ಮನಾಗಿಸುತ್ತದೆ. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಒಳಗೆ ಫಂಗಸ್ ಆರಾಮಾಗಿ ಹರಡುತ್ತದೆ. "ಹಚ್ಚಿದ್ರೆ ಎರಡು ದಿನದಲ್ಲಿ ಕಮ್ಮಿ ಆಗ್ತದೆ ಮೇಡಂ, ಬಿಟ್ರೆ ಡಬಲ್ ಬರ್ತದೆ" ಅಂತ ತೋಟದ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಹೇಳಿದರು. ಅವರ ಸೊಂಟದಲ್ಲಿ ಉಂಗುರದೊಳಗೆ ಉಂಗುರ. ತೊಡೆಯಲ್ಲಿ ಚರ್ಮ ತೆಳುವಾಗಿ, ಹೆರಿಗೆ ಆದವರ ಹೊಟ್ಟೆಯ ಮೇಲಿನಂಥ ಗೆರೆಗಳು. ಆ ಗೆರೆ ಪೂರ್ತಿ ಹೋಗುವುದಿಲ್ಲ. ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ನಿಯಮ ಬಿಗಿಯಾಗಿದೆ. ಆದರೂ ಕೇಳಿದರೆ ಸಿಗುತ್ತದೆ, ಅಲ್ವಾ?

ಇದರ ಜೊತೆಗೇ ಔಷಧಕ್ಕೆ ಬಗ್ಗದ ಫಂಗಸ್ ಒಂದು ನಮ್ಮ ದೇಶದಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಹಿಡಿಯಬೇಕಾದ ಕಿಣ್ವದ ಆಕಾರವೇ ಅದರಲ್ಲಿ ಹಲವು ಸಲ ಬದಲಾಗಿರುತ್ತದೆ, ಮಾತ್ರೆ ನುಂಗಿದರೂ ನಾಟುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಸಿಕ್ಕಿತು.

ಈ ಫಂಗಸ್ ಹಿಡಿದವರಿಗೆ ಡಾಕ್ಟರುಗಳು ಹೆಚ್ಚಾಗಿ ಇಟ್ರಾಕೊನಜೋಲ್ ಬರೆಯುತ್ತಾರೆ, ವಾರಗಟ್ಟಲೆ. ಆ ಕ್ಯಾಪ್ಸೂಲ್ ಕರಗಲು ಹೊಟ್ಟೆಯ ಆಮ್ಲ ಬೇಕು. ಊಟ ಆದ ಕೂಡಲೇ ನುಂಗಬೇಕು, ಅದರ ಜೊತೆ ಗ್ಯಾಸ್ ಮಾತ್ರೆ ಬೇಡ. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೃದಯ ಅಥವಾ ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಿ. ತುರಿಕೆ ನಿಂತಿತು ಅಂತ ಅರ್ಧಕ್ಕೆ ಬಿಡಬೇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಟವೆಲ್ ಬೇರೆ ಬೇರೆ ಇರಬೇಕು. ಮಳೆಯಲ್ಲಿ ಒಳಬಟ್ಟೆ ಒಣಗದಿದ್ದರೆ ಇಸ್ತ್ರಿ ಹಾಕಿ ತೊಡಿ.

ಲ್ಯಾಬಿಗೆ ಬರುವ ಮುಂಚೆ ಏನೇ ಹಚ್ಚಿದ್ದರೂ ಹೇಳಿ, ಟ್ಯೂಬ್ ಖಾಲಿಯಾಗಿದ್ದರೂ ತನ್ನಿ. ಫಂಗಸ್ ಔಷಧ ಹಚ್ಚಿದ್ದರೆ ಸ್ಲೈಡಿನಲ್ಲಿ ಎಳೆ ಕಾಣದೇ ಇರಬಹುದು, ರಿಪೋರ್ಟ್ ನೆಗೆಟಿವ್ ಬಂದರೂ ಕಾಯಿಲೆ ಇರಬಹುದು.