ಪಿಂಗ್‌ಗೆ ಉತ್ತರ ಕೊಟ್ಟವರು ಯಾರು?

ಪಿಂಗ್ (ನೆಟ್‌ವರ್ಕ್‌ನಲ್ಲಿ ಇನ್ನೊಂದು ಮೆಷಿನ್‌ಗೆ "ಇದ್ದೀಯಾ?" ಎಂದು ಕೇಳುವ ಕಮಾಂಡ್) ಕೊಟ್ಟರೆ ಪ್ರಿಂಟರ್‌ನಿಂದ ಉತ್ತರ ಬರುತ್ತದೆ, ಆದರೆ ಪ್ರಿಂಟ್ ಬರುವುದಿಲ್ಲ. ಇಂಥ ದೂರು ಬಂದರೆ ನಾನು ಮೊದಲು ನೋಡುವುದು ಆ ಐಪಿಯ (ನೆಟ್‌ವರ್ಕ್‌ನಲ್ಲಿ ಮೆಷಿನ್‌ಗೆ ಕೊಟ್ಟ ವಿಳಾಸ) ಹಿಂದೆ ಇರುವ ಮ್ಯಾಕ್ ಅಡ್ರೆಸ್, ಅಂದರೆ ಮೆಷಿನ್‌ನ ನೆಟ್‌ವರ್ಕ್ ಭಾಗದ ಗುರುತು.

ಕಲಬುರಗಿಯ ಕಪನೂರಿನ ಒಂದು ದಾಲ್ ಮಿಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ತೊಗರಿ ಸೀಸನ್‌ನಲ್ಲಿ ಅಲ್ಲಿ ವೇಬ್ರಿಡ್ಜ್ ಮುಂದೆ ಲಾರಿಗಳ ಸಾಲು. ತೂಕದ ಚೀಟಿ ಮಾತ್ರ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. "ಪ್ರಿಂಟರ್ ಕೆಟ್ಟದರಿ ಸರ, ಹೊಸಾದು ಹಾಕಿಬಿಡ್ರಿ" ಎಂದ ಕಾಟಾದ ಹುಡುಗ. ನಾನು ಪ್ರಿಂಟರಿನ ಕೇಬಲ್ ಕಿತ್ತು ಮತ್ತೆ ಪಿಂಗ್ ಕೊಟ್ಟೆ. ಆಗಲೂ ಉತ್ತರ ಬಂತು! ಅದೇ ಐಪಿ ಹಿಡಿದು ಇನ್ನೊಂದು ಮೆಷಿನ್ ಕೂತಿದೆ ಅಂತಾಯಿತು.

ಒಂದೇ ನೆಟ್‌ವರ್ಕ್ ಒಳಗೆ ಕಂಪ್ಯೂಟರ್ "ಈ ಐಪಿ ಯಾರದು?" ಎಂದು ಎಲ್ಲರನ್ನೂ ಕೂಗಿ ಕೇಳುತ್ತದೆ. ಆ ಐಪಿ ಇದ್ದವರು ತಮ್ಮ ಮ್ಯಾಕ್ ಹೇಳುತ್ತಾರೆ. ಇದೇ ಎಆರ್‌ಪಿ, 1982ರಿಂದ ಇರುವ ಪದ್ಧತಿ. ಬಂದ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ 'ಎಆರ್‌ಪಿ -ಡಿ' ಕಮಾಂಡ್ ಕೊಟ್ಟು ಹಳೆಯ ಸಾಲು ಅಳಿಸಿ, ಪಿಂಗ್ ಕೊಟ್ಟು, ಆಮೇಲೆ 'ಎಆರ್‌ಪಿ -ಎ' ನೋಡಬೇಕು. ಲಿನಕ್ಸ್‌ನಲ್ಲಾದರೆ 'ಐಪಿ ನೇಬರ್'.

ಸಿಕ್ಕ ಮ್ಯಾಕ್ ಪ್ರಿಂಟರಿನ ಹಿಂದಿನ ಸ್ಟಿಕ್ಕರ್‌ಗೆ ಹೊಂದಲಿಲ್ಲ. ಮ್ಯಾಕ್‌ನಲ್ಲಿ 12 ಅಂಕಿ-ಅಕ್ಷರ ಇರುತ್ತವೆ. ಸಾಮಾನ್ಯವಾಗಿ ಮೊದಲ 6 ತಯಾರಿಸಿದ ಕಂಪನಿಯ ಗುರುತು, ಅದನ್ನು ಹಂಚುವುದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ. ಹುಡುಕಿದರೆ ಕ್ಯಾಮೆರಾ ಕಂಪನಿ! ಗೋದಾಮಿನಲ್ಲಿ ಹೊಸದಾಗಿ ಹಾಕಿದ್ದ ಕ್ಯಾಮೆರಾಕ್ಕೂ ಯಾರೋ ಅದೇ ಐಪಿ ಕೊಟ್ಟಿದ್ದರು. ಅದನ್ನು ಬದಲಿಸಿದ ಮೇಲೆ ಚೀಟಿ ಸರಾಗವಾಗಿ ಬರತೊಡಗಿತು. ಒಳ್ಳೆಯ ಪ್ರಿಂಟರ್ ಸುಮ್ನೆ ಗುಜರಿಗೆ ಹೋಗುತ್ತಿತ್ತಲ್ವಾ?

ಹೊಸದಾಗಿ ಈ ಕೆಲಸಕ್ಕೆ ಬಂದವರು ಪಿಂಗ್ ಬರದಿದ್ದರೆ ಕೈಬಿಡುತ್ತಾರೆ. ಬಿಡಬೇಡಿ. ಫೈರ್‌ವಾಲ್ ಪಿಂಗ್ ತಡೆದಿದ್ದರೂ ಎಆರ್‌ಪಿ ಸಾಲಿನಲ್ಲಿ ಮ್ಯಾಕ್ ಹೆಚ್ಚಾಗಿ ಸಿಕ್ಕೇ ಸಿಗುತ್ತದೆ. ಆದರೆ ರೂಟರ್ ಆಚೆಗಿನ ಮೆಷಿನ್‌ನ ಮ್ಯಾಕ್ ಹೀಗೆ ಸಿಗುವುದಿಲ್ಲ. ಆಂಡ್ರಾಯ್ಡ್ 10ರ ನಂತರದ ಫೋನ್‌ಗಳು ವೈಫೈಗೆ ತೋರಿಸುವುದು ಜಾಸ್ತಿ ಪಾಲು ತಾವೇ ಹುಟ್ಟಿಸಿದ ಮ್ಯಾಕ್. ಅದರ ಎರಡನೇ ಅಂಕಿ 2, 6, ಎ ಅಥವಾ ಇ ಆಗಿರುತ್ತದೆ. ಅಲ್ಲಿ ಕಂಪನಿ ಹುಡುಕಿ ಪ್ರಯೋಜನವಿಲ್ಲ.

ಈಗ ಆ ಮಿಲ್ಲಿನ ಪ್ರಿಂಟರ್, ಕ್ಯಾಮೆರಾ, ಹಾಜರಿ ಮೆಷಿನ್ ಎಲ್ಲದಕ್ಕೂ ಮ್ಯಾಕ್ ನೋಡಿ ರೂಟರ್‌ನಲ್ಲೇ ಐಪಿ ಕಾದಿರಿಸಿದ್ದೇನೆ.